ಎಂಟು ಬಾಯಿಗೊಂದು ತಿದಿ

ಎಲಿಜಬೆತ್ ಊರಿನ ಹಿಂದಿನ ಬೀದಿ, ಡೊರೀನ್ ನೀಬೋನಳ ಶೆಡ್ಡು.
ಸೀರೆ ಅಂಗಡಿಯವನು ಮಡಿಕೆ ಬಿಚ್ಚಿ ಹಾಸಿದ ಹಾಗೆ
ಮೂರನ್ನೂ ಬೆಂಚಿನ ಮೇಲೆ ಇಟ್ಟಿದ್ದಾಳೆ.
ಅವಳು ಸೂಪರ್‌ಚಾರ್ಜರ್ ಅನ್ನುತ್ತಾಳೆ.
ನನ್ನ ಬಾಯಿಗೆ ಬರುವುದು ತಿದಿ.

ಗಜೇಂದ್ರಗಡದ ಕಮ್ಮಾರರ ಓಣಿಯವಳು ನಾನು.
ಇದ್ದಿಲು ಕೇಳುವುದು ಉಸಿರನ್ನು, ಎಂಜಿನ್ನೂ ಅಷ್ಟೇ
ಅಂದರೆ ಡೊರೀನ್ ತಲೆಯಾಡಿಸುತ್ತಾಳೆ.
ಇಪ್ಪತ್ತೆರಡು ವರ್ಷ ಇಲ್ಲಿಯ ಕಾರ್ಖಾನೆಯಲ್ಲಿ
ಬಾಗಿಲಿಗೆ ರಬ್ಬರು ಕೂರಿಸಿದವಳು, ಅದು ಮುಚ್ಚುವವರೆಗೆ.
ನನ್ನ ಹೋಲ್ಡನ್ನಿನ ಬಾಗಿಲಿಗೂ ಅವಳದೇ ಕೈ ತಾಗಿರಬಹುದು;
ಇದುವರೆಗೆ ಒಂದು ಹನಿ ಒಳಗೆ ಬಿಟ್ಟಿಲ್ಲ.

ಮೊದಲನೆಯದು ಬಸವನಹುಳುವಿನ ಚಿಪ್ಪು.
ಕೆಳಗೆ ಮೌನ; ನಾಲ್ಕು ಸಾವಿರ ಸುತ್ತು ದಾಟಿದ ಮೇಲೆ
ಮೈಮೇಲೆ ದೇವರು ಬಂದ ಹಾಗೆ.
ಎರಡನೆಯದು ಒಂದರೊಳಗೊಂದು ಹೆಣೆದ ಜೋಡಿ ತಿರುಪು.
ಬಲು ಜಾಣ. ಬೆಲೆ ಕೇಳಿ ಕೈ ಹಿಂದಕ್ಕೆ ತೆಗೆದೆ.
ಮೂರನೆಯದು ನಮ್ಮ ಗಾಣ:
ಎರಡು ಉರುಳೆ, ನಡುವೆ ಗಾಳಿಯೆಂಬ ಕಬ್ಬು,
ಕಾಲಿಟ್ಟ ಕ್ಷಣಕ್ಕೇ ರಸ.
ಬೇಗ ಕಾಯುತ್ತದೆ, ಅದೊಂದು ದೋಷ.

ನನ್ನ ಕಣ್ಣು ಬಸವನಹುಳುವಿನ ಮೇಲೆ.
ಎಷ್ಟು ಕುದುರೆ ಬರುತ್ತವೆ? ಕೇಳಿದೆ.
ಕುದುರೆ ಆಮೇಲೆ ಎಣಿಸು, ಲಾಯ ಎಲ್ಲಿದೆ ಹೇಳು, ಅಂದಳು.
ಮುಳ್ಳು ಎಲ್ಲಿ ನಿಲ್ಲುತ್ತದೋ ಒಂದು ವಾರ ಬರೆದು ತಾ.

ಸೋಮವಾರ, ಬೆಳಗಿನ ಜಾವ ನಾಲ್ಕೂವರೆ.
ಎದುರು ಮನೆಯ ಹಸುಗೂಸು ಎದ್ದೀತೆಂದು
ಬೀದಿ ತಿರುಗುವವರೆಗೆ ಒಂಬೈನೂರು.
ಆಸ್ಪತ್ರೆಯ ಅಡುಗೆಮನೆ ತಲುಪುವಾಗ ಸಾವಿರದ ಎಂಟುನೂರು.
ಮಂಗಳವಾರ, ಮೇನ್ ನಾರ್ತ್ ರಸ್ತೆಯಲ್ಲಿ ಹನ್ನೊಂದು ಸಿಗ್ನಲ್ಲು,
ಹನ್ನೊಂದೂ ಕೆಂಪು.
ಬುಧವಾರ ಬರೆಯಲು ಮರೆತೆ.
ಗುರುವಾರ ನಲವತ್ತೆರಡು ಡಿಗ್ರಿ. ಹಿಂದಿನ ಸೀಟಿನಲ್ಲಿ
ಇಪ್ಪತ್ತು ಕಿಲೋ ಈರುಳ್ಳಿ; ಅಂಗಡಿಯ ಮುಂದೆ
ಏಸಿ ಹಾಕಿಕೊಂಡು ಸುಮ್ಮನೆ ಕೂತಿದ್ದೆ. ಏಳುನೂರು.
ಶುಕ್ರವಾರ ಗಾಲರ್ ಕಡೆ, ಹೆದ್ದಾರಿ ಸೇರುವ ತಿರುವಿನಲ್ಲಿ
ಕುರಿ ತುಂಬಿದ ಲಾರಿಗಿಂತ ಮುಂದೆ ನುಗ್ಗಲು
ಒಮ್ಮೆ, ಆರು ಸಾವಿರ. ನಾಲ್ಕು ಸೆಕೆಂಡು.

ಕನ್ನಡಕ ಏರಿಸಿ ಓದಿದಳು, ರಕ್ತದ ವರದಿ ಓದುವ ಹಾಗೆ.
ವಾರಕ್ಕೆ ನಾಲ್ಕು ಸೆಕೆಂಡು, ಅಂದಳು.
ನನಗೆ ನಾಚಿಕೆಯಾಯಿತು.
ಎಂಟು ಸಿಲಿಂಡರು ಇಟ್ಟುಕೊಂಡು
ಎರಡು ಸಾವಿರದ ಕೆಳಗೇ ಸವೆಸಿದ ಬದುಕು
ಒಂದು ಬಿಲ್ಲಿನ ಹಿಂಬದಿಯಲ್ಲಿ, ನನ್ನದೇ ಅಕ್ಷರದಲ್ಲಿ.

ನಾಚುವುದೇಕೆ? ಅಲ್ಲೇ ಇರುತ್ತೀಯಲ್ಲ,
ಬಲವೂ ಅಲ್ಲೇ ಇರಲಿ, ಅಂದು
ಗಾಣವನ್ನು ನನ್ನ ಕಡೆ ಸರಿಸಿದಳು.

ಓಣಿಯಲ್ಲಿ ಹೆಸರು ಬಂದದ್ದು ಅಜ್ಜನ ಸುತ್ತಿಗೆಗೆ.
ತಿದಿ ಒತ್ತಿದವಳು ಅಜ್ಜಿ,
ಒಂದೇ ಲಯ, ಸಂಜೆಯವರೆಗೆ, ಒಂದು ಕೈಯಲ್ಲಿ ರೊಟ್ಟಿ.
ಭಾಳ ಊದಿದ್ರ ಕುಡಗೋಲ ಸುಟ್ಟು ಹೊಕ್ಕೈತಿ,
ಕಡಿಮಿ ಊದಿದ್ರ ಬಾಗೂದಿಲ್ಲ, ಅನ್ನುತ್ತಿದ್ದಳು.

ಆರು ಪೌಂಡು ಒತ್ತಡ ಸಾಕು.
ಗುರುವಾರಗಳಿಗಾಗಿ ತಂಪು ಪೆಟ್ಟಿಗೆ ಮಾತ್ರ ದೊಡ್ಡದು.
ಒಂಬತ್ತು ಸಾವಿರ ಡಾಲರು, ಎರಡು ವರ್ಷದ ಭಾನುವಾರಗಳು,
ನೂರರ ನೋಟುಗಳಲ್ಲಿ ಎಣಿಸಿ ಕೊಟ್ಟೆ.
ಅವಳು ಇನ್ನೊಮ್ಮೆ ಎಣಿಸಿದಳು.

ಈಗ ನಾಲ್ಕೂವರೆಗೆ ಕೀಲಿ ತಿರುಗಿಸಿದರೆ
ಬಾನೆಟ್ಟಿನ ಕೆಳಗೆ ಸಣ್ಣಗೆ ಒಂದು ಸಿಳ್ಳೆ,
ಹಾಲು ಉಕ್ಕುವ ಮುಂಚಿನದು.
ಕೂಸು ಏಳುವುದಿಲ್ಲ.
ಮೊದಲ ಸಿಗ್ನಲ್ಲು ಹಸಿರಾದಾಗ
ಬೆನ್ನಿಗೆ ಯಾರೋ ಅಂಗೈ ಇಟ್ಟು ತಳ್ಳಿದ ಹಾಗೆ.

ಚಿಕ್ಕ ಪುಲ್ಲಿ ಹಾಕಿದರೆ ಇನ್ನೂ ಎಷ್ಟೋ ಕುದುರೆ ಸಿಗುತ್ತಿದ್ದವು.
ಅದನ್ನೂ ಕೇಳಿ ತಂದಿದ್ದೇನೆ.
ಅಡುಗೆಮನೆಯ ಕಿಟಕಿಯಲ್ಲಿ, ಹುಣಸೆಹಣ್ಣಿನ ಡಬ್ಬಿಯ ಪಕ್ಕ ಇದೆ.
ಶನಿವಾರ ಒರೆಸುತ್ತೇನೆ.