ನೆರಿಗೆಗಳ ಲೆಕ್ಕ

ಜಾಕ್ಮೆಲ್ಲಿನ ಮಧ್ಯಾಹ್ನಕ್ಕೆ ಬೀಸಣಿಗೆಯಿಲ್ಲ.
ತಗಡಿನ ಸೂರು ಕಾದ ಕಾವಲಿ;
ಸಮುದ್ರ ಎರಡೇ ಬೀದಿಯಾಚೆ, ಆದರೂ
ಗಾಳಿ ನಮ್ಮ ತರಗತಿಗೆ ಗೈರುಹಾಜರಿ.

ಹಲಗೆಯ ಮೇಲೆ ಬರೆದೆ: ಸಾವಿರದೆಂಟುನೂರ ನಾಲ್ಕು.
ಸರಪಳಿ ಕಡಿದ ವರ್ಷ, ಮದಾಂ!
ಕಡಿದವರು ನಾವೇ, ಮದಾಂ!
ಶಂಖ ಊದಿ ಗುಡ್ಡಗಳನ್ನೆಬ್ಬಿಸಿದವರ
ಮೊಮ್ಮಕ್ಕಳ ಮೊಮ್ಮಕ್ಕಳು
ಬೆಂಚು ಗುದ್ದಿ ಗುದ್ದಿ ಶಾಯಿ ಚೆಲ್ಲಿದರು.

ಹಾಗಾದರೆ ಈಗ ಗುಲಾಮರಿಲ್ಲವೋ?
ಇಲ್ಲ, ಮದಾಂ.

ಪಾಠ ಅಲ್ಲಿಗೇ ಮುಗಿಯಬೇಕಿತ್ತು.
ರಾಜಧಾನಿಯಿಂದ ಬಂದ ಹೊಸ ಕೈಪಿಡಿ ಮೇಜಿನ ಮೇಲೆ,
ಮುಖಪುಟದಲ್ಲಿ ಬೇಡಿ ಬಿದ್ದ ಎರಡು ಕೈ,
ಯಾರದೂ ಅಲ್ಲದ ಕೈ,
ಮಣಿಕಟ್ಟಿನಿಂದ ಮೇಲಕ್ಕೆ ಮನುಷ್ಯರಿಲ್ಲ.
ಹನ್ನೆರಡನೆಯ ಪುಟ ತೆಗೆದು ಓದಿದೆ:
ಕೂಲಿಯಿಲ್ಲದೆ ದುಡಿಯುವವರು.
ಬಿಟ್ಟು ಹೋಗಲಾಗದವರು.
ಓದಿಸುತ್ತೇವೆಂಬ ಮಾತು ನಂಬಿ
ಹೆತ್ತವರೇ ಕಳಿಸಿಕೊಟ್ಟವರು.

ಮೂರನೆಯ ಸಾಲಿನ ಮಿರ್ಲಾಂದ್ ಕೈಯೆತ್ತಿದಳು.
ಪಾಯಿಖಾನೆಗಿರಬೇಕು ಅಂದುಕೊಂಡೆ.

"ಮದಾಂ, ನನ್ನ ಲಂಗಕ್ಕೆ ಇಸ್ತ್ರಿ ಹಾಕುವವಳು?
ಅವಳಿಗೂ ಹತ್ತೇ ವರ್ಷ. ಕೋಳಿಗಿಂತ ಮುಂಚೆ ಏಳುತ್ತಾಳೆ.
ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ ಊದುತ್ತಾಳೆ.
ನನ್ನ ಚೀಲ ಗೇಟಿನವರೆಗೆ ಹೊರುತ್ತಾಳೆ,
ಗೇಟಿನಿಂದ ಈಚೆ ನಾನೇ."
ಹೆಸರೇನು?
"ಅಮ್ಮ ಏಯ್ ಅಂತ ಕರೀತಾಳೆ."

ಯಾರೂ ನಗಲಿಲ್ಲ. ಒಬ್ಬ ಹುಡುಗ
ತನ್ನ ಬೂಟಿನ ಹೊಳಪನ್ನು
ಬೆಂಚಿನಡಿ ಬಚ್ಚಿಟ್ಟುಕೊಂಡ.
ನಾನು ನೆರಿಗೆ ನೋಡಿದೆ:
ಹತ್ತೊಂಬತ್ತು ನೀಲಿ ಲಂಗ, ಲಂಗಕ್ಕೆ ಹದಿನಾರು,
ಗಣಿತದ ಮೇಷ್ಟ್ರಿಗೆ ಬಿಡಬೇಕಾದ ಲೆಕ್ಕ
ನಾನೇ ಮಾಡತೊಡಗಿದೆ.
ಅರ್ಧಕ್ಕೇ, ಗಂಜಿ ಹಾಕಿದ ನನ್ನ ಕಾಲರು
ನನ್ನ ಕತ್ತು ಕೊಯ್ದಿತು.

ನಮ್ಮಲ್ಲೊಂದು ಮಾತಿದೆ, ರೆಸ್ತಾವೆಕ್.
ಜೊತೆಗಿರುವವರು ಎಂದರ್ಥ.
ಎಷ್ಟು ಮೆತ್ತನೆಯ ಮಾತು!
ಜೊತೆಗೆ ಎನ್ನುತ್ತದೆ, ಯಾರ ಜೊತೆಗೆ ಎನ್ನುವುದಿಲ್ಲ.
ಇರು ಎನ್ನುತ್ತದೆ,
ಎಷ್ಟು ದಿನ ಎನ್ನುವುದಿಲ್ಲ.

ನಮ್ಮ ಮನೆಯವಳ ಹೆಸರು ನನಗೆ ಗೊತ್ತು
(ಅದನ್ನೇ ಹೆಮ್ಮೆಯೆಂದು ಇಟ್ಟುಕೊಂಡಿದ್ದೆ):
ದ್ಯೂಲಾ. ದೇವರು ಅಲ್ಲಿದ್ದಾನೆ ಎಂದು.
ಗುಡ್ಡದಾಚೆಯಿಂದ ಅವಳಮ್ಮ ನಡೆಸಿಕೊಂಡು ಬಂದಳು,
ಕಂಕುಳಲ್ಲಿ ಒಂದು ಕೋಳಿ, ನನಗೆ ಕಾಣಿಕೆ.
ಅಕ್ಷರ ಕಲಿಸಿ ಎಂದಳು.
ಅಕ್ಟೋಬರಿಗೆ ಎಂದೆ.
ಮೂರು ಅಕ್ಟೋಬರು ಬಂದು ಹೋದವು.
ಕೋಳಿಯನ್ನು ಆ ಭಾನುವಾರವೇ ತಿಂದಿದ್ದೆವು.

ಆ ಸಂಜೆ ಅವಳ ತಲೆಯಿಂದ ಬಕೆಟ್ಟು ಇಳಿಸಿಕೊಂಡೆ.
ಕೂತುಕೋ ಎಂದೆ, ನನ್ನ ಕುರ್ಚಿ ತೋರಿಸಿ.
ಅವಳು ಕೂರಲಿಲ್ಲ.
ಅಡುಗೆಮನೆಗೆ ಹೋಗಿ ಚಾಪೆ ಸುತ್ತಿದಳು,
ಪ್ಲಾಸ್ಟಿಕ್ ಚೀಲಕ್ಕೆ ಎರಡು ಅಂಗಿ ತುರುಕಿ
ಬಾಗಿಲಲ್ಲಿ ಬಂದು ನಿಂತಳು:
"ನಾನು ಏನು ಒಡೆದೆ, ಮದಾಂ?"

ಕೈಪಿಡಿಯಲ್ಲಿ ಇದಕ್ಕೆ ಪುಟವಿರಲಿಲ್ಲ.
ಒಲೆಯ ಬಳಿಯಿಂದ ನನ್ನತ್ತೆ ಎಂದಳು,
"ಗುಡ್ಡದಲ್ಲಿದ್ದಿದ್ದರೆ ಏನು ತಿನ್ನುತ್ತಿತ್ತು ಅದು?"
ಆ ಮಾತು ಸುಳ್ಳಾಗಿದ್ದರೆ
ಎಷ್ಟು ಸುಲಭವಿತ್ತು.

ಮರುದಿನ ಮುದುಡಿದ ಅಂಗಿಯಲ್ಲೇ ಹೊರಟೆ.
ಗೇಟಿನಲ್ಲಿ ಮಿರ್ಲಾಂದಳನ್ನು ತಡೆದು ನಿಲ್ಲಿಸಿದ್ದರು:
ಒಂದು ನೆರಿಗೆ ಎಡಕ್ಕೆ, ಒಂದು ಬಲಕ್ಕೆ,
ಒಂದು ಸುಟ್ಟು ಕಂದು,
ಹೆಬ್ಬೆರಳಲ್ಲಿ ಹಸಿ ಬೊಬ್ಬೆ.
ಕಾವಲಿನ ಫಿಲೊಜೆನ್ ದಂಡದ ಪುಸ್ತಕದಲ್ಲಿ
ಹೆಸರು ಬರೆದ, ತರಗತಿ ಬರೆದ,
ಕಾರಣ ಎಂಬ ಮನೆಯ ಮೇಲೆ ಪೆನ್ನು ನಿಲ್ಲಿಸಿ
ನನ್ನತ್ತ ನೋಡಿದ.

ಬೇಡವೆಂದರೂ ಕೇಳದೆ ನನ್ನ ಚೀಲ ಹೊತ್ತು ಬಂದಿದ್ದ ದ್ಯೂಲಾ
ಅದನ್ನು ಚಾಚಿ ಹಿಡಿದು
ಗೇಟಿನ ಆಚೆಯೇ ನಿಂತಿದ್ದಳು.