ಗಾಳಿ ಬಿಡಿಸುವವಳು

ಈ ಜನವರಿಯಲ್ಲೇ ಇದು ಮೂರನೇ ಸಲ.
ಚೀಲದಲ್ಲಿ ಸ್ಪ್ಯಾನರು, ಹಳೆ ಟವೆಲು, ಜಾಮಿನ ಖಾಲಿ ಡಬ್ಬಿ,
ಕೊರಳ ದಾರದಲ್ಲಿ ಹಿತ್ತಾಳೆಯ ಕೀಲಿ,
ಚೌಕ ತೂತಿನದು, ಹೆಬ್ಬೆರಳಷ್ಟೂ ಇಲ್ಲ.

ಯಾರ್ಕ್‌ಷೈರಿನ ಗುಡ್ಡದಂಚಿನ ಕಲ್ಲಿನ ಸಾಲುಮನೆ.
ಬಾಗಿಲು ತೆರೆದ ಕ್ಲಿಫರ್ಡ್ ಸಗ್ಡನ್
'ಬಾ' ಅನ್ನುವ ಮೊದಲೇ ದೂರು ಶುರು ಮಾಡಿದ:
"ಮಹಡಿಯ ಕೋಣೆಯದು ರಾತ್ರಿಯಿಡೀ ಗೊಳಗೊಳ.
ಕೆಳಗಿನ ಎಫ್, ಮ್ಯಾಕ್ಸೀನ್. ಅದೂ ಶ್ರುತಿ ತಪ್ಪಿದ ಎಫ್."
ಗಿರಣಿಯ ಬ್ಯಾಂಡಿನಲ್ಲಿ ನಲವತ್ತು ವರ್ಷ ಯೂಫೋನಿಯಂ ಊದಿದವನು;
ಕೊಳವೆಯ ವಿಷಯದಲ್ಲಿ ನನಗಿಂತ ಅವನ ಕಿವಿ ಚುರುಕು.

ಅಡುಗೆಮನೆಯಲ್ಲಿ ಈನಿಡ್,
ಒವನ್ನಿನ ಬಾಗಿಲು ತೆರೆದಿಟ್ಟುಕೊಂಡು,
ಎರಡು ಸ್ವೆಟರು, ಮೇಲೊಂದು ಕೋಟು.
"ಬ್ಯಾಂಡಿನವನನ್ನ ಕಟ್ಟಿಕೊಂಡೆ, ಈಗ ಮನೆಯೇ ಬ್ಯಾಂಡಾಯ್ತು."

ಅಂಗೈ ಇಟ್ಟು ನೋಡುತ್ತೇನೆ, ಮಗುವಿನ ಜ್ವರ ನೋಡುವ ಹಾಗೆ.
ಬುಡ ತಣ್ಣಗಿದ್ದರೆ ಕೆಸರು, ತುಕ್ಕಿನ ಕರಿಯ ಕೆಸರು.
ನೆತ್ತಿ ತಣ್ಣಗಿದ್ದರೆ ಗಾಳಿ.
ಇದಕ್ಕೆ ಹಿಡಿದಿರುವುದು ಗಾಳಿಯೇ.
ಮಂತ್ರ ಬೇಡ, ತಾಯತ ಬೇಡ,
ಪಂಪು ನಿಲ್ಲಿಸಿ ಎಡಕ್ಕೆ ಕಾಲು ಸುತ್ತು, ಅಷ್ಟೇ.

ಕೆಳಮನೆಯಿಂದ ಶುರು. ಬುಸ್ಸ್‌...
ಹಳೆಯ ಉಸಿರು, ನಾಣ್ಯದ ವಾಸನೆ,
ಆಮೇಲೆ ಚಿಟಿಪಿಟಿ, ಆಮೇಲೆ ಡಬ್ಬಿಗೆ ಕರಿಹನಿ.
"ನಾವೂ ಹೀಗೇ," ಕ್ಲಿಫರ್ಡ್ ನಕ್ಕ, "ಎರಡು ಹಾಡಿನ ನಡುವೆ
ಕೀಲಿ ಒತ್ತಿ ಎಂಜಲು ಬಿಡುತ್ತಿದ್ದೆವು.
ಒಮ್ಮೆ ಮುಂದಿನ ಸಾಲಿನ ಒಬ್ಬಳ ಬೂಟಿಗೆ ಬಿತ್ತು.
ಆ ಬೂಟಿನವಳೇ ಒಳಗೆ ಕೂತಿರುವುದು."

ಮಹಡಿಯಲ್ಲಿ ಕೀಲಿ ತಿರುಗಿಸಿದೆ.
ಅದು ಉಸಿರು ಬಿಡಲಿಲ್ಲ.
ಎಳೆದುಕೊಂಡಿತು.

ಥಟ್ಟನೆ ಮುಚ್ಚಿ ಮೆಟ್ಟಿಲ ಮೇಲೆ ಕೂತೆ.
ಮೊದಲ ಸಲ ಬಿಡಿಸಿದೆ, ಪೂರ್ತಿ ದುಡ್ಡು ತಗೊಂಡೆ.
ಎರಡನೇ ಸಲ ಬಿಡಿಸಿದೆ, ಅರ್ಧ ತಗೊಂಡೆ.
ಕಾರ್ಪೆಟ್ಟು ಒಣ, ಪಂಪಿನ ಕತ್ತು ಒಣ, ಸೋರಿಕೆ ಎಲ್ಲೂ ಇಲ್ಲ.
ಬಿಟ್ಟ ಗಾಳಿಯ ಜಾಗಕ್ಕೆ ನೀರು ಬರುತ್ತದೆ ಅಂದುಕೊಂಡಿದ್ದೆ;
ಎಲ್ಲಿಂದ ಬರುತ್ತದೆ ಅಂತ ನೋಡಿರಲಿಲ್ಲ.
ಬಿಡಿಸಿದ್ದೂ ನಾನೇ, ಹಿಡಿಸಿದ್ದೂ ನಾನೇ.

ಅಟ್ಟಕ್ಕೆ ಏಣಿ ಹಾಕಿದೆ.
ಬಾಯಲ್ಲಿ ಟಾರ್ಚು, ತಲೆ ಹಂಚಿಗೆ ತಾಗುತ್ತಿದೆ,
ಮೂಲೆಯಲ್ಲಿ ಬಕೆಟ್ಟಿಗಿಂತ ಸ್ವಲ್ಪ ದೊಡ್ಡ ತೊಟ್ಟಿ.
ತಳ ಕಾಣುತ್ತಿದೆ. ತಳದಲ್ಲಿ ಒಂದು ಸತ್ತ ಜೇಡ.
ನೀರಿಳಿದರೆ ತಾನೂ ಇಳಿದು ನಲ್ಲಿ ತೆರೆಯಬೇಕಾದ ಗುಂಡು
ಸುಣ್ಣ ಕಟ್ಟಿ ಮೇಲೆಯೇ ನಿಂತಿದೆ,
ತೊಟ್ಟಿ ತುಂಬಿದೆ ಎಂದೇ ನಂಬಿ.

ಪಕ್ಕದಲ್ಲಿ ಕರಿಯ ಪೆಟ್ಟಿಗೆ, ಬಸುರಿಯ ಆಕಾರದ್ದು,
ಹಿಡಿಕೆಯ ಮೇಲೆ ಬೂದಿಬಣ್ಣದ ಧೂಳು.

ಬೆರಳಿಂದ ಒಮ್ಮೆ ತಟ್ಟಿದೆ, ಅಷ್ಟೇ.
ಗುಂಡು ನರಳಿ ಇಳಿಯಿತು. ನೀರು ಕೆಮ್ಮುತ್ತ ಬಂತು.
"ಏನಿದೆ ಮೇಲೆ?" ಕೆಳಗಿಂದ ಅವನು,
ಹನ್ನೆರಡು ಮೆಟ್ಟಿಲಿಗೆ ಮೂರು ಸಲ ನಿಲ್ಲುವವನು.
ಪೆಟ್ಟಿಗೆಯ ಮಾತು ಎತ್ತಲಿಲ್ಲ.
"ತೊಟ್ಟಿ ಖಾಲಿ ಇತ್ತು," ಅಂದೆ, "ಈಗ ತುಂಬ್ತಿದೆ."

ಕೊನೆಯದನ್ನು ತಾನೇ ಬಿಡಿಸುತ್ತೇನೆ ಎಂದ.
ದಾರ ಬಿಚ್ಚಿ ಕೀಲಿ ಕೊಟ್ಟೆ.
ಮೊಣಕಾಲೂರಿ, ಕಿವಿ ಕಬ್ಬಿಣಕ್ಕೆ ಹತ್ತಿಸಿ ತಿರುಗಿಸಿದ.
ಉದ್ದನೆಯ ಉಸಿರು, ಎಲ್ಲೂ ಕಡಿಯದ್ದು;
ಅವನ ತುಟಿ ಅದರ ಜತೆಗೇ ಬಿಗಿಯಿತು.
ಹನಿ ಬಂತು. ಮುಚ್ಚಬೇಕಿತ್ತು. ಮುಚ್ಚಲಿಲ್ಲ.
ತೋಳಿನ ಅಂಚು ಕಪ್ಪಾಗುವ ತನಕ ಹಾಗೇ ಹಿಡಿದಿದ್ದ.
ನಾನೂ ಸುಮ್ಮನಿದ್ದೆ.

"ಒವನ್ನು ಆರಿಸಲಾ?" ಈನಿಡ್ ಕೆಳಗಿಂದ ಕೂಗಿದಳು.
ಪಂಪು ಹಾಕಿ ಬಂದು ಅಂಗೈ ಇಟ್ಟು ನೋಡಿದೆ.
ಬುಡದಲ್ಲಿ ಬೆಚ್ಚಗೆ, ನಡುವಿನವರೆಗೆ ಬಂದಿದೆ.
"ಇನ್ನು ಹತ್ತು ನಿಮಿಷ," ಅಂದೆ,
ಬಿಲ್ಲಿನ ಪುಸ್ತಕ ತೆಗೆದು,
ಒಂದು ಸಲ ಬೆರಳಿಂದ ತಟ್ಟಿದ್ದಕ್ಕೆ
ಎಷ್ಟು ಅಂತ ಬರೆಯುವುದು?