ಅಳತೆ

ಚಿಟಿಕೆ ಮನುಷ್ಯನಿಗೆ,
ಹಿಡಿ ಕರುವಿಗೆ,
ಬೊಗಸೆ ಕುದುರೆಗೆ.
ಇದು ಓಮದ ಲೆಕ್ಕ, ನಮ್ಮ ತಾತನದು.
ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ
ಮೂವತ್ತು ವರ್ಷ ಲದ್ದಿ ಎತ್ತಿದವನು.
ತಕ್ಕಡಿ ಇರಲಿಲ್ಲ, ಅಂಗೈ ಇತ್ತು,
ಅದರಲ್ಲೂ ಒಂದು ಬೆರಳು ಕಮ್ಮಿ.
ಹಾಗಾಗಿ ನನ್ನ ಬೊಗಸೆ ಜಾಸ್ತಿಯಾದೀತು ಅಂತ
ಒಂದಿಷ್ಟು ವಾಪಸ್ ಸುರಿದೇ
ಕೊಡುತ್ತೇನೆ.

ಕೊಡುತ್ತಿದ್ದೆ, ಅನ್ನಬೇಕು.
ಇದು ಪುಣೆ. ಆಗಸ್ಟು. ರೇಸಿನ ಕಾಲ.
ಭಾನುವಾರ ಓಡುವ ಕುದುರೆಗೆ
ಬುಧವಾರದಿಂದ ಏನೂ ಬೇಡ, ಬೆಲ್ಲವೂ ಬೇಡ
ಅನ್ನುತ್ತಾನೆ ನಮ್ಮ ಮೇಸ್ತ್ರಿ ಬಾಬುಲಾಲ್.
ಓಡಿ ಬಂದ ಮೇಲೆ ಉಚ್ಚೆ ಹಿಡಿದು
ಶೀಶೆಗೆ ಮೊಹರು ಹಾಕಿ ಎಲ್ಲಿಗೋ ಕಳಿಸುತ್ತಾರೆ.
ಅಲ್ಲಿ ಯಾರೋ ದೀಪದ ಕೆಳಗೆ ಕೂತು
ನಮ್ಮ ತಾತನ ಬೊಗಸೆಯನ್ನು ಹುಡುಕುತ್ತಾರೆ.

ಕಾಗದದಲ್ಲಿ ಅವಳ ಹೆಸರು ನನ್ನ ಬಾಯಿಗೆ ಕೂರದಷ್ಟು ಇಂಗ್ಲಿಷು.
ನಾನು ಗುಬ್ಬಿ ಅನ್ನುತ್ತೇನೆ.
ನಾನೂರ ಎಂಬತ್ತು ಕಿಲೋ ಗುಬ್ಬಿ.

ರಾತ್ರಿ ಹನ್ನೊಂದಕ್ಕೆ ಗುಬ್ಬಿ
ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡತೊಡಗಿದಳು,
ಅಲ್ಲಿಂದ ಯಾರೋ ಕರೆದ ಹಾಗೆ.
ಮುಂಗಾಲು ಕೆರೆದಳು. ಬಕೆಟ್ಟಿನ ನೀರು ಹಾಗೇ ಇತ್ತು.
ಹೊಟ್ಟೆಗೆ ಕಿವಿಯಿಟ್ಟೆ.
ಒಳ್ಳೆಯ ಹೊಟ್ಟೆ ಗದ್ದಲದ ಹೊಟ್ಟೆ,
ದೂರದಲ್ಲಿ ರೈಲು ಸೇತುವೆ ದಾಟಿದಂತೆ ಗುಡುಗುಡು.
ಇಲ್ಲಿ ಕೇಳಿಸಿದ್ದು ಮಳೆ,
ಅದೂ ತಗಡಿನ ಮೇಲೆ.

ಓಮ ಜೇಬಿನಲ್ಲೇ ಇತ್ತು, ಇಂಗಿನ ಚೂರಿನ ಜೊತೆ.
ಕೈ ಹೋಯಿತು.
ಆಗ ತಾತನ ಆ ಬಿಳಿ ಹೆಣ್ಣುಕುದುರೆ ನೆನಪಾಯಿತು,
ಕರುಳು ತೆಕ್ಕೆ ಬಿದ್ದು ಸತ್ತದ್ದು.
ಬೊಗಸೆ ಮೇಲೆ ಬೊಗಸೆ ಕೊಟ್ಟಿದ್ದ.
ಬೆಳಿಗ್ಗೆ ಅವಳ ಬಾಯಲ್ಲಿ ಓಮದ ಘಮ,
ಕಣ್ಣಿನ ಮೂಲೆಯಲ್ಲಿ ನೊಣ.
ಆಮೇಲೆ ಆರು ತಿಂಗಳು ತಾತ
ತನ್ನ ಮಜ್ಜಿಗೆಗೂ ಓಮ ಹಾಕಿಸಿಕೊಳ್ಳಲಿಲ್ಲ.
ಕೈ ಹೊರಗೆ ತೆಗೆದು ಫೋನು ಮಾಡಿದೆ.

ಡಾಕ್ಟರಮ್ಮ ಕೇತಕಿ ಬಂದರು, ಸ್ಕೂಟರಿನಲ್ಲಿ,
ರೇನ್‌ಕೋಟಿನಿಂದ ಕೊಟ್ಟಿಗೆ ತುಂಬಾ ನೀರು ಸುರಿಸುತ್ತ.
ಲದ್ದಿ ಯಾವಾಗ? ಎಷ್ಟು ಉಂಡೆ? ಗಟ್ಟಿಯೋ?
ನೀರೆಷ್ಟು ಕುಡಿದಳು? ಹುಲ್ಲು ಹೊಸದೇ?
ನೀನೇನಾದರೂ ಕೊಟ್ಟೆಯಾ?
ಇಲ್ಲ ಅಂದೆ.
ಅವರ ಮೂಗು ನನ್ನ ಜೇಬಿನ ಕಡೆ ತಿರುಗಿತು.
ಇಲ್ಲ ಬಾಯೀ, ಆಣೆ, ಅಂದೆ.
ನಮ್ಮ ಆಜಿಯ ಡಬ್ಬಿಯ ವಾಸನೆ, ಅಂದರು,
ಅಂದವರೇ ಹೊಳ್ಳೆಯೊಳಗೆ ನಳಿಗೆ ಇಳಿಸಿದರು,
ಎಣ್ಣೆ ಹಾಕಿದರು, ಕತ್ತಿಗೆ ಸೂಜಿ.
ಇನ್ನು ನಡೆಸು, ಅಂದರು.

ತಾತನೂ ಕೊನೆಗೆ ಅದನ್ನೇ ಹೇಳುತ್ತಿದ್ದ.

ನಡೆದೆವು. ಬೇವಿನ ಮರದಿಂದ ನೀರಿನ ತೊಟ್ಟಿಗೆ,
ತೊಟ್ಟಿಯಿಂದ ಮರಕ್ಕೆ.
ಗುಬ್ಬಿಯ ಉಸಿರು ನನ್ನ ಹೆಗಲಿಗೆ ಬಿಸಿ,
ಕೆಸರು ಇಬ್ಬರಿಗೂ ಮೊಣಕಾಲುದ್ದ.
ಮಲಗಬೇಡ ಕಣೇ, ಹೊರಳಬೇಡ ಕಣೇ,
ಅಂತ ಕನ್ನಡದಲ್ಲೇ ಬೈದೆ.
ಲಾಯದಲ್ಲಿ ಕನ್ನಡ ಬರುವವಳು ಅವಳೊಬ್ಬಳೇ.

ನಾಲ್ಕೂಕಾಲಿಗೆ ಬಾಲ ಎತ್ತಿದಳು.
ಏಳು ಉಂಡೆ. ನಾನೇ ಎಣಿಸಿದೆ, ಟಾರ್ಚು ಬಿಟ್ಟು.
ಬಾಬುಲಾಲ್ ಎದ್ದು ಬಂದು ಕೈ ಮುಗಿದ, ಲದ್ದಿಗೆ.
ಭಾನುವಾರದ ಪಟ್ಟಿಯಿಂದ ಅವಳ ಹೆಸರು ಹೋಯಿತು, ಹೋಗಲಿ.

ಡಾಕ್ಟರಮ್ಮ ಕಾಗದ ಬರೆಯುತ್ತಿದ್ದರು.
ತಲೆಯೆತ್ತದೆ ಅಂದರು:
ನಡೆಸುವಾಗ ಎರಡು ಸಲ
ನೀನೂ ನಿನ್ನ ಪಕ್ಕೆ ನೋಡಿಕೊಂಡೆ.
ಗ್ಯಾಸು, ಅಂದೆ. ಚಿಟಿಕೆ ಹಾಕಿಕೊಳ್ಳುತ್ತೇನೆ.
ಎಷ್ಟು ದಿನದಿಂದ?
ಹೋಳಿಯಿಂದ.
ಲದ್ದಿ? ಅಂದುಬಿಟ್ಟರು, ಅಭ್ಯಾಸಬಲದಿಂದ.
ನಕ್ಕೆವು. ಅವರು ಬೇಗ ನಿಲ್ಲಿಸಿದರು.
ಕಪ್ಪಗಾಗುತ್ತದಾ? ಎಂದು ಮೆಲ್ಲಗೆ ಕೇಳಿದರು.
ಇಷ್ಟು ವರ್ಷದಲ್ಲಿ ನನ್ನನ್ನು ಇದನ್ನು ಕೇಳಿದವರಿಲ್ಲ.
ನಾಚಿಕೆಯಾಗಿ ಗುಬ್ಬಿಯ ಜೂಲು ಹೆಣೆಯತೊಡಗಿದೆ.

ಗುಬ್ಬಿಯ ಕಾಗದದ ಬೆನ್ನಿಗೆ
ಸಸೂನ್ ಆಸ್ಪತ್ರೆ, ಯಾವ ಮಹಡಿ, ಯಾವ ಬಾಗಿಲು, ಬರೆದರು.
ತೂಕ? ಅಂದರು.
ಗುಬ್ಬಿಯದು ಗೊತ್ತು, ವಾರವಾರದ್ದೂ.

ಅವರು ಹೋದ ಮೇಲೆ, ಬೆಳಕು ಹರಿಯುವ ಮುಂಚೆ,
ಕುದುರೆ ತೂಗುವ ಕಾಟಾದ ಮೇಲೆ ಒಬ್ಬನೇ ನಿಂತೆ.
ನಾಲ್ಕು ಕಾಲಿಗೆ ಮಾಡಿದ ಹಲಗೆ.
ಎಲ್ಲಿ ನಿಲ್ಲಬೇಕೋ ತಿಳಿಯದೆ ನಡುವೆ ನಿಂತೆ.
ಕೆಂಪು ಅಂಕಿ ಸುಮಾರು ಹೊತ್ತು ಯೋಚಿಸಿತು.